ಅಣ್ಣನ ಹೊಸ ಗ್ಲೌಸು

ಅಣ್ಣಾ,

ಎದ್ದ ಕೂಡಲೇ ಊಟ ಮಾಡು. ಆಮೇಲೆ ನಿನ್ನ ಬೈಕಿನ ಸೀಟಿನ ಮೇಲಿರುವ ಹೊಸ ಗ್ಲೌಸು ಹಾಕಿಕೊ. ನಂತರವಷ್ಟೇ ಗೆಜ್ಜಲಗೆರೆಯ ಕಾರ್ಖಾನೆಯ ರಾತ್ರಿ ಪಾಳಿಗೆ ಹೊರಡು.

ಹಳೆಯದನ್ನು ಮುಟ್ಟಬೇಡ. "ದೊಡ್ಡದೇ ಇರ್ಲಿ ಕಣ್ಲಾ, ಬಾಳಿಕೆ ಬತ್ತದೆ" ಎಂದು ಅವ್ವ ತಂದಿದ್ದ ಆ ಗ್ಲೌಸಿನ ಸಡಿಲ ಬೆರಳು ಬ್ರೇಕಿಗೆ ಸಿಕ್ಕಿದ್ದರಿಂದಲೇ ಮೊನ್ನೆ ನೀನು ಬಿದ್ದದ್ದು.

ಹೊಸದರಲ್ಲಿ ಅಂಗೈಗೆ ದಪ್ಪ ಚರ್ಮ, ಗೆಣ್ಣುಗಳಿಗೆ ಗಟ್ಟಿ ಕವಚ, ಮಣಿಕಟ್ಟಿಗೆ ಪಟ್ಟಿ, ಎಲ್ಲವೂ ಇವೆ! ಮಂಡ್ಯದ ಅಂಗಡಿಯಲ್ಲಿ ನಿನ್ನ ಅಳತೆ ತಿಳಿಯದೆ ನಾನು ನಿಂತಿದ್ದಾಗ ಅವ್ವನೇ ಕೈ ಚಾಚಿ, "ನಂಗೇ ಆಕ್ನೋಡು ಅಮೃತಾ, ನನ್ ಕೈಯೇ ಅವ್ನಿಗೂ ಬಂದಿರಾದು" ಎಂದಳು. ಹಾಕಿಕೊಂಡು, ಬೀದಿಯಲ್ಲೇ ನಾವು ಹೋಗಿದ್ದ ಸ್ಕೂಟರಿನ ಬ್ರೇಕನ್ನೂ ಹಿಡಿದು ನೋಡಿದಳು!

ಈಗ, ನಿದ್ದೆಯಲ್ಲಿರುವ ನಿನ್ನ ಅಂಗೈಗೆ ಅವ್ವನ ಅಂಗೈ ತಾಗಿಸಿ ಪರೀಕ್ಷಿಸಿದೆ. ಎರಡೂ ಒಂದೇ ಅಳತೆ.