ಆ ಮೂವರು

೧೧ ಮಾರ್ಚ್ ೨೦೧೩, ಸೋಮವಾರ
ಫಾಕ್‌ಲ್ಯಾಂಡ್, ಪಶ್ಚಿಮ ದ್ವೀಪ

ಫಲಿತಾಂಶ ರೇಡಿಯೊದಲ್ಲಿ ಬಂತು. ನಾವು ಬ್ರಿಟನ್ನಿನ ಕೆಳಗೇ ಉಳಿಯಬೇಕೇ ಎಂಬ ಪ್ರಶ್ನೆಗೆ ಇಡೀ ದ್ವೀಪಗಳಲ್ಲಿ ಬೇಡ ಎಂದವರು ಮೂವರೇ. ಅರ್ಜೆಂಟೀನಾದವರು ಏನೇ ಹೇಳಲಿ, ಕೊನೆಗೂ ಇಲ್ಲಿ ಬದುಕುವ ನಮ್ಮನ್ನೇ ಕೇಳಿದರಲ್ಲ ಎಂಬ ಸಮಾಧಾನ ನನಗೆ.

ಬೆಳಿಗ್ಗೆ ಮತಪೆಟ್ಟಿಗೆ ಜೀಪಿನಲ್ಲಿ ನಮ್ಮ ಅಡುಗೆಮನೆಗೇ ಬಂದಿತ್ತು. ನಾನು ಹೌದು ಎಂದು ಗುರುತು ಹಾಕಿದೆ. ನನ್ನ ಗಂಡ ಲಾಕ್ಲನ್ ಮಾತ್ರ ಚೀಟಿ ಹಿಡಿದು ಬಹಳ ಹೊತ್ತು ಕಿಟಕಿಯಾಚೆಯ ಕುರಿಗಳನ್ನೇ ನೋಡುತ್ತಿದ್ದ. ಅವನಿಗೆ ಲಂಡನ್ನೂ ಬೇಡ, ಬ್ಯೂನಸ್ ಐರಿಸ್ಸೂ ಬೇಡ. ನಮ್ಮದು ನಮಗಿರಲಿ ಎನ್ನುತ್ತಾನೆ. ಯಾವುದಕ್ಕೆ ಹಾಕಿದೆ ಎಂದು ನಾನು ಕೇಳಲಿಲ್ಲ.

ರೇಡಿಯೊದಲ್ಲಿ ಫಲಿತಾಂಶ ಬಂದ ಕೂಡಲೇ ಪಕ್ಕದ ಫಾರ್ಮಿನ ವರ್ನಾ ಫೋನು ಮಾಡಿ ನಕ್ಕಳು. "ಯಾರೇ ಆ ಮೂರು ಜನ? ಒಬ್ಬ ನಿನ್ ಗಂಡ ತಾನೆ?"

"ಅಲ್ಲ ಕಣೆ, ನಾನು," ಎಂದುಬಿಟ್ಟೆ. ಅವಳ ನಗು ನಿಂತಿತು.

ಒಲೆಯ ಮುಂದಿದ್ದ ಲಾಕ್ಲನ್ ತಿರುಗಿದ. "ಸುಳ್ಳು ಯಾಕೆ ಹೇಳ್ದೆ? ನಾನೇನು ಹಾಕ್ದೆ ಅಂತ ನಿಂಗೊತ್ತಾ?"

"ಗೊತ್ತಿಲ್ಲ. ಹೇಳ್ಲೂಬೇಡ. ಅದು ನಿಂದು."

ಅವನು ಪಕ್ಕದಲ್ಲಿ ಬಂದು ಕುಳಿತು, ತನ್ನ ಚಹಾದಲ್ಲಿ ಅರ್ಧವನ್ನು ನನ್ನ ಲೋಟಕ್ಕೆ ಬಗ್ಗಿಸಿದ. ನಾಳೆ ಊರೆಲ್ಲ ನನ್ನ ಬಗ್ಗೆ ಮಾತಾಡುತ್ತದೆ. ಆಡಲಿ. ನಿದ್ದೆ ಬರುತ್ತಿದೆ, ಅವನು ಮತ್ತೆ ಒಲೆಯ ಮುಂದೆ ಹೋಗಿ ಒಬ್ಬನೇ ನಗುತ್ತಿದ್ದಾನೆ.