ಟ್ರಾವಿಸ್‌ಗೆ ತೋರಿಸಬಾರದ ಜಾಗಗಳು

ಹೆರನ್ ಬುಗ್ಗೆ, ಫ್ಲೋರಿಡಾ
ಮಾರ್ಚ್ 4, 1998

ಪ್ರೀತಿಯ ರೋಂಡಾ,

ನಾನು ಚೆನ್ನಾಗಿದ್ದೇನೆ, ಎಡಗಿವಿಯೊಂದನ್ನು ಬಿಟ್ಟು. ನೀನು, ನಿನ್ನ ಗಂಡ, ಟ್ರಾವಿಸ್ ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ತಡ ಮಾಡಿದ್ದಕ್ಕೆ ಬೇಸರಪಡಬೇಡ. ಇಷ್ಟು ವರ್ಷ ಕ್ರಿಸ್‌ಮಸ್ ಕಾರ್ಡಿನ ಮೇಲೆ ಒಂದು ಸಹಿ ಬಿಟ್ಟರೆ ಬೇರೇನೂ ಬರೆಯದವಳು ಒಮ್ಮೆಲೇ ಎರಡು ಹಾಳೆ ತುಂಬಿಸಿ ಕಳಿಸಿದರೆ ಯಾರಿಗಾದರೂ ಸಾವರಿಸಿಕೊಳ್ಳಲು ಹೊತ್ತು ಬೇಕು. ‘ಅಮ್ಮ’ ಎಂದು ಇರಬೇಕಾದ ಕಡೆ ‘ಇಮೋಜೀನ್’ ಎಂದು ಬರೆದಿದ್ದೀಯ. ಇರಲಿ, ಅದು ನನ್ನ ಹೆಸರೇ.

ಏಪ್ರಿಲ್ ರಜೆಗೆ ಓಹಾಯೋದಿಂದ ಮಗನನ್ನು ಕರೆದುಕೊಂಡು ಬರುತ್ತೇನೆ, ದೊಡ್ಡ ಪಾರ್ಕುಗಳ ಸಾಲಿನಲ್ಲಿ ನಿಲ್ಲುವುದು ಅವನಿಗೆ ಬೇಡವಂತೆ, ಹಳೇ ಹೆದ್ದಾರಿ ಬದಿಯ ಚಿತ್ರವಿಚಿತ್ರಗಳೇ ಬೇಕಂತೆ, ಈ ಪಟ್ಟಿಯಲ್ಲಿ ಯಾವುದು ನೋಡುವಂಥದ್ದು ಎಂದು ಕೇಳಿದ್ದೀಯ. ಜೊತೆಗೆ, ‘ಬುಗ್ಗೆಗೆ ಮಾತ್ರ ನಾವು ಬರುವುದಿಲ್ಲ’ ಎಂದೂ ಬರೆದಿದ್ದೀಯ. ನಾನಿರುವುದು ಬುಗ್ಗೆಯ ಹಿಂದಿನ ಟ್ರೈಲರ್ ಮನೆಯಲ್ಲಿ. ಹಾಗಾಗಿ ಆ ಮಾತಿನ ಅರ್ಥವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಮನಸ್ಸು ಬದಲಾಗಲಿ ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ಕೇಳಿದ್ದಕ್ಕೆ ಮೊದಲು ಉತ್ತರ. ನನ್ನ ಪಕ್ಕದ ಟ್ರೈಲರಿಗೆ ಮಿಷಿಗನ್‌ನಿಂದ ಮೇವಿಸ್ ಎಂಬ ವಿಧವೆ ಬಂದಿದ್ದಾಳೆ. ಚಳಿಗೆ ಹೆದರಿ ಇಲ್ಲಿಗೆ ಬಂದು, ಕಂಡದ್ದಕ್ಕೆಲ್ಲ ಬಾಯಿ ಬಿಡುವ ಜಾತಿ. ಅವಳ ಹತ್ತಿರ ಹಡಗಿನಷ್ಟು ದೊಡ್ಡ ಬ್ಯೂಕ್ ಕಾರಿದೆ. ನೀನು ಪಟ್ಟಿ ಮಾಡಿದ ಜಾಗಗಳಿಗೆಲ್ಲ ಅವಳನ್ನೇ ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಈ ರಾಜ್ಯದಲ್ಲಿದ್ದೂ ನಾನು ಇವುಗಳಲ್ಲಿ ಒಂದನ್ನೂ ನೋಡಿರಲಿಲ್ಲ. ನೋಡದೆ ಇದ್ದದ್ದು ಎಷ್ಟು ಬುದ್ಧಿವಂತಿಕೆಯ ಕೆಲಸವಾಗಿತ್ತು ಎಂದು ಈಗ ಗೊತ್ತಾಗಿದೆ.

ಮೊದಲು ದೈತ್ಯ ಕಿತ್ತಳೆ. ಗುಡಿಸಲಿನಷ್ಟು ಎತ್ತರದ ಸಿಮೆಂಟಿನ ಹಣ್ಣು, ಬಿಸಿಲಿಗೆ ಬಣ್ಣ ಎದ್ದು ಈಗ ಕಜ್ಜಿ ಹತ್ತಿದ ಕುಂಬಳಕಾಯಿಯ ಹಾಗಿದೆ. ಹೊಟ್ಟೆಯಲ್ಲಿ ಒಂದು ಕಿಟಕಿ, ಕಿಟಕಿಯಲ್ಲಿ ಚೂಯಿಂಗ್ ಗಮ್ ಅಗಿಯುವ ಒಂದು ಹುಡುಗಿ.

“ತಾಜಾ ರಸ ಮೇಡಂ, ಈಗಷ್ಟೇ ಹಿಂಡಿದ್ದು,” ಎಂದಳು.

“ಯಾವ ತೋಟದ್ದಮ್ಮಾ?” ಎಂದೆ.

“ತೋಟ ಎಲ್ಲಿದೆ ಮೇಡಂ? ಎಲ್ಲಾ ಆ ವರ್ಷದ ಹಿಮಕ್ಕೆ ಸತ್ತೋಯ್ತಲ್ಲ. ಡಬ್ಬಿದು.”

“ಮತ್ತೆ ಹಿಂಡಿದ್ದು ಏನನ್ನ?”

ಮೇವಿಸ್ ನನ್ನ ಪಕ್ಕೆಗೆ ತಿವಿದಳು. “ಸುಮ್ನಿರೇ, ಪಾಪ ಹುಡುಗಿ! ಎಷ್ಟು ಚೆನ್ನಾಗಿದೆ ಕುಡಿ,” ಎಂದು ಎರಡು ಲೋಟ ಮುಗಿಸಿ, ಹಣ್ಣಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡಳು. ಅವಳ ಬಿಳಿ ಅಂಗಿಯ ಬೆನ್ನಿಗೆ ಅರ್ಧ ಕಿತ್ತಳೆ ಅಂಟಿಕೊಂಡು ಬಂತು. ನಾನು ಮನೆ ತಲುಪುವವರೆಗೂ ಹೇಳಲಿಲ್ಲ.

ಆಮೇಲೆ ಕಾರು ತಾನಾಗಿ ಏರುತ್ತದೆಂದು ಬೋರ್ಡು ಹಾಕಿರುವ ಗುಡ್ಡ. ಬಿಳಿ ಗೆರೆಯ ಮೇಲೆ ಕಾರು ನಿಲ್ಲಿಸಿ ಗೇರ್ ತೆಗೆಯಬೇಕು, ದೆವ್ವ ಹಿಂದಕ್ಕೆ ಎಳೆಯುತ್ತದಂತೆ. ಅಕ್ಕಪಕ್ಕದ ಮರಗಳು ಓರೆಯಾಗಿ ಬೆಳೆದು ಇಳಿಜಾರು ಏರಿನ ಹಾಗೆ ಕಾಣುತ್ತದೆ, ಅಷ್ಟೇ ದೆವ್ವ.

“ಹತ್ತುತ್ತಿದೆ ಕಣೇ ಇಮೋಜೀನ್! ನೋಡೇ, ತಾನಾಗೇ ಹತ್ತುತ್ತಿದೆ!”

“ಹತ್ತುತ್ತಿಲ್ಲ, ಇಳೀತಿದೆ. ಬ್ರೇಕ್ ಒತ್ತು.”

“ದೆವ್ವಕ್ಕೆ ಬ್ರೇಕ್ ಹಿಡಿಯಲ್ಲ ಮಾರಾಯ್ತಿ!”

ಹಿಂದಿದ್ದ ಲಾರಿಯವನಿಗೆ ದೆವ್ವದ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ಅವನು ನಮ್ಮಿಬ್ಬರನ್ನೂ ಬೈದ ಮಾತುಗಳನ್ನು ನಿನಗೆ ಬರೆಯಲಾರೆ. ಒಂದಂತೂ ನನಗೂ ಹೊಸದು.

ಇನ್ನು ಜೌಗಿನ ವಾನರನ ಮ್ಯೂಸಿಯಂ. ಮೈತುಂಬ ರೋಮವಿರುವ, ಹೊಲಸು ನಾರುವ ದೊಡ್ಡ ವಾನರನೊಬ್ಬ ನಮ್ಮ ಜೌಗಿನಲ್ಲಿ ಓಡಾಡುತ್ತಾನೆಂಬ ಕಥೆ ನಿನಗೂ ಗೊತ್ತು. ಮ್ಯೂಸಿಯಂ ಎಂದರೆ ಒಂದು ತಗಡಿನ ಕೋಣೆ, ಅದರ ಒಡೆಯ ಅರ್ಲಿಸ್ ಎಂಬ ಗಡ್ಡದವನು. ಹೊಲಸು ನಾರುವ ಮಟ್ಟಿಗೆ ಕಥೆ ನಿಜ, ವಾನರ ಇನ್ನೂ ಸಿಕ್ಕಿಲ್ಲ. ಅವನು ಪ್ಲಾಸ್ಟರಿನ ಹೆಜ್ಜೆಯೊಂದನ್ನು ದೇವರ ಪೆಟ್ಟಿಗೆಯನ್ನು ಹಿಡಿದಂತೆ ಎರಡೂ ಕೈಯಲ್ಲಿ ತಂದ.

“ನಾಲ್ಕೇ ಬೆರಳಿದೆಯಲ್ಲಪ್ಪ,” ಎಂದೆ.

“ಐದನೇದು ಮೊಸಳೆ ತಿಂದಿರಬೇಕು ಮೇಡಂ,” ಎಂದ, ಕಣ್ಣು ಮಿಟುಕಿಸದೆ.

ಮೇವಿಸ್ ಆ ವಾನರನ ಚಿತ್ರವಿದ್ದ ಟೀ ಶರ್ಟ್ ಕೊಂಡಳು. ಅದನ್ನು ತೊಟ್ಟು ಈಗ ಭಾನುವಾರ ಚರ್ಚಿಗೂ ಬರುತ್ತಾಳೆ. ಪಾದ್ರಿ ಏನೂ ಅನ್ನುವುದಿಲ್ಲ, ಅವರೂ ಮಿಷಿಗನ್‌ನವರೇ.

ಕೊನೆಗೆ ಮೊಸಳೆ ತೋಟ. ಖಾಕಿ ಚಡ್ಡಿಯವನೊಬ್ಬ ಮೊಸಳೆಯ ಬೆನ್ನೇರಿ ಕೂತು, ಅದರ ಬಾಯಿ ಮುಚ್ಚಿ, ಮೂತಿಯನ್ನು ತನ್ನ ಗಲ್ಲದಡಿ ಸಿಕ್ಕಿಸಿಕೊಂಡು ಎರಡೂ ಕೈ ಚಾಚುತ್ತಾನೆ. ಜನ ಚಪ್ಪಾಳೆ ಹೊಡೆದೇ ಹೊಡೆದರು. ಹೊಟ್ಟೆ ತುಂಬಿದ ಆ ಮುದಿ ಮೊಸಳೆಗೆ ಇವನು ಬೆನ್ನಮೇಲಿದ್ದಾನೋ ಇಲ್ಲವೋ ಎಂಬ ಅರಿವೂ ಇದ್ದಂತೆ ಕಾಣಲಿಲ್ಲ. ಕರಿದ ಮೊಸಳೆ ಬಾಲದ ತುಂಡು ತಿಂದು ಮೇವಿಸ್, “ಥೇಟ್ ಕೋಳಿ ಕಣೇ!” ಎಂದಳು. ಕೋಳಿಯೇ ಇರಬೇಕು ಎಂದೆ.

ಅಲ್ಲಿ ನನ್ನ ಮುಂದೆ ಒಬ್ಬ ಹುಡುಗ ಅವನ ಅಜ್ಜಿಯ ಕೈ ಹಿಡಿದು ನಿಂತಿದ್ದ. ಮೊಸಳೆ ಬಾಯಿ ತೆರೆದಾಗಲೆಲ್ಲ ಅವನು ಮೊಸಳೆಯನ್ನು ನೋಡುತ್ತಿರಲಿಲ್ಲ, ಅಜ್ಜಿ ನೋಡುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ಅವಳ ಮುಖ ನೋಡುತ್ತಿದ್ದ. ಆ ಹೆಂಗಸಿನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಅಲ್ಲಿಂದ ಎದ್ದು ಬಂದುಬಿಟ್ಟೆ. ಟ್ರಾವಿಸ್‌ನ ಒಂದು ಫೋಟೋ ಬಿಟ್ಟರೆ ನನ್ನ ಹತ್ತಿರ ಏನಿದೆ? ಅದರಲ್ಲೂ ಅವನ ಮುಖದ ಅರ್ಧಕ್ಕೆ ಹೆಲ್ಮೆಟ್.

ವಾಪಸು ಬರುವಾಗ ನಾನು ಬಾಯಿ ಮುಚ್ಚಲಿಲ್ಲ. ಹಣ್ಣಿಗೆ ಬೈದೆ, ಗುಡ್ಡಕ್ಕೆ ಬೈದೆ, ಅರ್ಲಿಸನಿಗೆ, ಚಡ್ಡಿಯವನಿಗೆ, ದುಡ್ಡು ಕೊಟ್ಟು ಮೋಸಹೋಗಲು ಮುಗಿಬೀಳುವ ಜನಕ್ಕೆ ಎಲ್ಲರಿಗೂ ಬೈದೆ. ಮೇವಿಸ್ ಕಾರನ್ನು ಬದಿಗೆ ನಿಲ್ಲಿಸಿದಳು.

“ನೋಡು ಇಮೋಜೀನ್, ಸೊಂಟಕ್ಕೆ ಮೀನಿನ ಬಾಲ ಕಟ್ಕೊಂಡು ನೀರಡಿ ಬಾಳೆಹಣ್ಣು ತಿಂದು ಜೀವನ ಮಾಡ್ದೋಳು ನೀನು. ಯಾವ ಬಾಯಲ್ಲಿ ಇವರನ್ನೆಲ್ಲ ಬೈತೀಯ?”

“ನಮ್ದು ಮೋಸ ಅಲ್ಲ,” ಎಂದೆ.

“ಹೌದೌದು, ನೀವೆಲ್ಲ ಹುಟ್ಟಾ ಮೀನುಗಳೇ.”

ಕಾರು ಬಿಡು ಎಂದು ಅವಳಿಗೆ ಕೈಸನ್ನೆ ಮಾಡಿದೆ. ಆದರೆ ನಿನಗೆ ಹೇಳುತ್ತೇನೆ, ನಮ್ಮದು ಮೋಸವಲ್ಲ. ಗಾಜಿನಾಚೆ ಕೂತು ಮತ್ಸ್ಯಕನ್ಯೆಯರ ಆಟ ನೋಡುವ ಜನ, ಬುಗ್ಗೆಯ ಮೈ ಕೊರೆಯುವ ನೀರು, ರಬ್ಬರ್ ಕೊಳವೆಯಿಂದ ಒಂದು ಗುಟುಕು ಗಾಳಿ, ಅದು ಮುಗಿಯುವವರೆಗೆ ಕುಣಿತ, ಮೂಗಿಗೆ ನೀರು ನುಗ್ಗುತ್ತಿದ್ದರೂ ನಗು. ಈಗ ನಾನು ನೀರಿಗಿಳಿಯುವುದಿಲ್ಲ, ಹೊಸ ಹುಡುಗಿಯರಿಗೆ ಕಲಿಸುತ್ತೇನೆ. ಅವರಿಗೆ ಬಾಲ ಬೇಕು, ಫೋಟೋ ಬೇಕು, ಶೀತವಾದರೆ ರಜೆಯೂ ಬೇಕು. ಮತ್ಸ್ಯಕನ್ಯೆಗೆ ಶೀತವಾಗುತ್ತದೆಯೇ ಎಂದು ಗದರಿಸಿ ಕಳಿಸುತ್ತೇನೆ.

ಹಾಗಾಗಿ ನನ್ನ ಸಲಹೆ: ಕಿತ್ತಳೆ ಬೇಡ, ಗುಡ್ಡ ಬೇಡ, ವಾನರ ಖಂಡಿತ ಬೇಡ. ಹುಡುಗ ಹಟ ಹಿಡಿದರೆ ಮೊಸಳೆ ತೋರಿಸು, ಬಾಲದ ತುಂಡು ಮಾತ್ರ ತಿನ್ನಿಸಬೇಡ. ನನ್ನ ಮನೆಯ ಸೋಫಾ ಎಳೆದರೆ ಹಾಸಿಗೆಯಾಗುತ್ತದೆ. ಬುಗ್ಗೆಯ ಮುಂಬಾಗಿಲಿಗೆ ಬರಬೇಕಾಗಿಯೂ ಇಲ್ಲ, ಹಿಂದಿನ ಮಣ್ಣು ರಸ್ತೆಯಲ್ಲಿ ನೇರ ನನ್ನ ಬಾಗಿಲಿಗೇ ಬರಬಹುದು.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಟ್ರಾವಿಸ್‌ಗೆ ಹೆಲ್ಮೆಟ್ ತೆಗೆದು ಒಂದು ಮುತ್ತು ಕೊಡು. ನಿನ್ನ ಗಂಡನಿಗೆ ನಮಸ್ಕಾರ.

ನಿನ್ನ ಅಮ್ಮ (ನೀನು ಏನೆಂದು ಕರೆದರೂ),
ಇಮೋಜೀನ್

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಬುಗ್ಗೆಗೆ ಯಾಕೆ ಬರುವುದಿಲ್ಲವೆಂದೂ ನೀನು ಬರೆದಿದ್ದೆ. ಅದಕ್ಕೆ ಉತ್ತರ ಕೊಡದೆ ಮೊಸಳೆಯ ಕಥೆ ಹೇಳುತ್ತ ಕೂತೆ.

ನನ್ನನ್ನು ಬಿಟ್ಟು ಓಹಾಯೋಗೆ ಹೊರಟ ದಿನ ನಿನ್ನಪ್ಪ ಪುಟ್ಟ ಹುಡುಗಿ ನಿನ್ನನ್ನು ಬುಗ್ಗೆಗೆ ಕರೆತಂದಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ ರೋಂಡಾ. ‘ಅಮ್ಮ ನನ್ನನ್ನು ನೋಡಿ ನೀರಿನಿಂದ ಎದ್ದು ಬಂದರೆ ನಾನು ಇಲ್ಲೇ ಇರ್ತೀನಿ’ ಎಂದು ನೀನು ಹೇಳಿದ್ದು, ಅವನು ಒಪ್ಪಿದ್ದು, ನೀನು ಗಾಜಿಗೆ ಮುಖ ಒತ್ತಿ ನಿಂತದ್ದು, ನಾನು ನಿನ್ನ ಎದುರಿಗೇ ಈಜಿ ಬಂದು, ನಕ್ಕು, ಅಂಗೈಯಿಂದ ಮುತ್ತು ಊದಿ, ಪಕ್ಕದವರ ಕಡೆಗೆ ಹೊರಟುಹೋದದ್ದು, ಒಂದೂ ಗೊತ್ತಿರಲಿಲ್ಲ. ಆ ಸಂಜೆ ನಿನ್ನಪ್ಪ ವೆಂಡೆಲ್ ದಾರಿಯಿಂದ ಫೋನ್ ಮಾಡಿ, “ಹೊರಟ್ವಿ. ಅವಳಿಗೆ ನಿನ್ನನ್ನ ನೋಡೋದು ಬೇಡವಂತೆ,” ಎಂದ. ನಾನು ಅದನ್ನೇ ನಂಬಿ ಇಷ್ಟು ವರ್ಷ ನಿನ್ನ ಮೇಲೆ ಮುನಿಸಿಕೊಂಡು ಕೂತೆ.

ನಾವು ಹೊರಗಿನವರಿಗೆ ಹೇಳದ ಮಾತೊಂದಿದೆ, ಮನೆಯಲ್ಲಿ ನಿನಗೂ ಹೇಳಿರಲಿಲ್ಲ. ನೀರಿನಲ್ಲಿ ಬರಿಗಣ್ಣು ಬಿಟ್ಟರೆ ಗಾಜಿನಾಚೆ ಏನೂ ಕಾಣುವುದಿಲ್ಲ. ಮುಖಗಳಿಲ್ಲ, ಬರೀ ಬಣ್ಣದ ಮಸುಕು. ಕೆಲಸಕ್ಕೆ ಸೇರಿದ ದಿನ ಕಲಿಸುವುದೇ ಇದನ್ನು: ಬಣ್ಣ ಕಂಡ ಕಡೆ ಹೋಗು, ತುಂಬ ದಿನದಿಂದ ಬಲ್ಲವರೆಂಬಂತೆ ನಗು, ಮುತ್ತು ಊದು, ಮುಂದಕ್ಕೆ ಹೋಗು. ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಇರಲಿಲ್ಲ. ಒಮ್ಮೆ ಒಂದಿಡೀ ಆಟ ಕೆಂಪು ಕಸದ ಡಬ್ಬಿಗೆ ಮುತ್ತು ಊದಿದ್ದೇನೆ. ನೀನೆಂದು ಗೊತ್ತಾಗಿದ್ದರೆ ಬಾಲ ಬಿಚ್ಚುವಷ್ಟೂ ನಿಲ್ಲದೆ, ಮೆಟ್ಟಿಲ ಮೇಲೆ ತೆವಳಿಕೊಂಡೇ ಬಂದುಬಿಡುತ್ತಿದ್ದೆ.

ಅವತ್ತು ಯಾವ ಬಣ್ಣದ ಅಂಗಿ ಹಾಕಿಕೊಂಡಿದ್ದೆ, ಮಗಳೇ? ಅಷ್ಟು ಮಾತ್ರ ಬರೆದು ತಿಳಿಸು.