ಅತ್ತೆಯ ಕೈಗೆ ನೀವು ಕಟ್ಟಿದ ವಾಚು

ಬೈರಕೂರು,
ಮುಳಬಾಗಿಲು ತಾಲ್ಲೂಕು
9-11-2025, ಭಾನುವಾರ

ರೀ,

ನಿಮ್ಮ ಪವಿತ್ರ ಮಾಡುವ ಪ್ರೀತಿಯ ನಮಸ್ಕಾರಗಳು. ಹೇಗಿದ್ದೀರಿ? ಬೆನ್ನುನೋವು ಕಮ್ಮಿಯಾಯಿತೇ? ನೆಲದ ಮೇಲೆ ಮಲಗಿದರೆ ನಿಮಗೆ ಆಗಿಬರುವುದಿಲ್ಲ. ಎರಡು ಸಲ ಕೋಲಾರದ ಜೈಲಿನ ಬಾಗಿಲಿಗೆ ಬಂದೆ. ನೀವು ನನ್ನನ್ನು ನೋಡಲು ಕಿಟಕಿಗೆ ಬರುವುದಿಲ್ಲ ಎಂದಿರಂತೆ, ವಾಪಸ್ ಹೋದೆ. ಕೋಪವೇನಿಲ್ಲ. ನಾಚಿಕೆ ಆಗುತ್ತೆ ಎಂದು ಹೇಳಿ ಕಳಿಸಿದಿರಲ್ಲ, ಅದಕ್ಕೇ ಈ ಸುದ್ದಿ ಮೊದಲು: ಟೊಮೇಟೊ ಮಂಡಿಯ ಜಗಳದಲ್ಲಿ ನೀವು ತಳ್ಳಿದ ಮನುಷ್ಯ ಎದ್ದು ಓಡಾಡುತ್ತಿದ್ದಾನೆ. ಗಂಜಿ ಬಿಟ್ಟು ಮುದ್ದೆ ತಿನ್ನುತ್ತಿದ್ದಾನೆ ಎಂದು ಅವನ ಹೆಂಡತಿಯೇ ನನ್ನ ಕೈ ಹಿಡಿದು ಹೇಳಿದಳು. ಜಾಮೀನಿಗೆ ವಕೀಲರು ಮತ್ತೆ ಅರ್ಜಿ ಹಾಕಿದ್ದಾರೆ. ರಜನಿಗೆ ಮುಂದಿನ ಹಲ್ಲು ಬಿದ್ದಿದೆ, ಅಪ್ಪ ಬಂದಾಗ ತೋರಿಸಬೇಕೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದಾಳೆ.

ಇನ್ನು ಅತ್ತೆಯ ವಿಷಯ. ಮೊಬೈಲ್ ಕಂಪನಿಯ ಅಂಗಡಿಯಿಂದ ಆ ವಾಚು ತಂದು, ಇದರೊಳಗೇ ಸಿಮ್ ಇದೆ, ಅಮ್ಮನ ಹತ್ತಿರ ಫೋನ್ ಇಲ್ಲದಿದ್ದರೂ ನಡೆಯುತ್ತೆ ಎಂದು ನೀವು ಕಟ್ಟಿದ ದಿನ, ಇದು ಒಂದು ವಾರವೂ ಬಾಳುವುದಿಲ್ಲ ಎಂದು ನಾನು ಗೊಣಗಿದ್ದೆ. ನನ್ನ ಮಾತು ಸುಳ್ಳಾಯಿತು. ಅದನ್ನು ಕಟ್ಟಿಕೊಂಡೇ ಅತ್ತೆ ಟೊಮೇಟೊ ಕಿತ್ತರು, ಸಗಣಿ ಬಾಚಿದರು, ಹುಣಸೆಹಣ್ಣು ಕಿವುಚಿದರು. ಒಂದು ಸಲ ಪಟ್ಟಿ ಬಿಚ್ಚಿಕೊಂಡು ಕಲಗಚ್ಚಿನ ಬಾನಿಯೊಳಗೆ ಬಿದ್ದು ಹಸುವಿನ ಮೂತಿಗೆ ಸಿಕ್ಕಿತು. ಇನ್ನೊಂದು ಸಲ ಟ್ರ್ಯಾಕ್ಟರಿನ ಹಿಂಬಾಗಿಲು ಅದರ ಮೇಲೇ ಬಡಿಯಿತು. ಅತ್ತೆಯ ಮಣಿಕಟ್ಟು ಬುರಬುರನೆ ಊದಿತು, ಗಾಜಿಗೆ ಒಂದು ಗೀರು ಬಿತ್ತು ಅಷ್ಟೇ. 'ನನ್ಗಿಂತ ಇದೇ ಗಟ್ಟಿ ಕಣೇ' ಎಂದು ನಕ್ಕುಬಿಟ್ಟರು.

ನೀವು ಒಳಗೆ ಹೋದ ಮೇಲೆ, ದಸರಾ ಕಳೆದು, ಅದು ಕೈಮೇಲೆ ಗುರ್ರೆಂದು ಅದುರತೊಡಗಿತು. ಗುಂಡಿಗೆಯ ಬಡಿತ ತೀರಾ ಇಳಿದಾಗ ಹಾಗಂತೆ. ನಮಗೇನು ಗೊತ್ತು? ಅದು ಅದುರಿದಾಗಲೆಲ್ಲ ನೀವೇ ಫೋನ್ ಮಾಡಿದ್ದೀರೆಂದು ಅತ್ತೆ ಕೈಯನ್ನು ಕಿವಿಗಿಟ್ಟುಕೊಂಡು 'ಹಲೋ, ನಾಯ್ನಾ' ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದವರು ಕಣ್ಣು ಕತ್ತಲೆ ಬಂದು ಹಾಗೇ ಹಸುವಿನ ಕಾಲಿಗೆ ವಾಲಿಕೊಂಡರು. ಪಕ್ಕದ ಬೀದಿಯ ಮುಖ್ತಿಯಾರ್ ಭಾಯಿ ತಮ್ಮ ಓಮ್ನಿಯಲ್ಲಿ ಮುಳಬಾಗಿಲಿಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡುವ ಹೊತ್ತಿಗೆ ಬಡಿತ ಸರಿಯಾಗೇ ಇತ್ತು. ಅವರು ವಾಚು ನೋಡಿ, 'ಇದ್ರಲ್ಲಿ ಹಳೇದೆಲ್ಲ ಇರುತ್ತಲ್ಲಮ್ಮ, ಯಾವತ್ತಿಂದ ಹಿಂಗಾಗ್ತಿದೆ ಅಂತ ತೋರ್ಸಿ' ಎಂದರು. ಅದೆಲ್ಲ ತೆರೆಯುವುದು ನಿಮ್ಮ ಫೋನಿನಲ್ಲಿ. ನಿಮ್ಮ ಫೋನು ಕೇಸಿನ ಸಾಕ್ಷಿಯೆಂದು ಪೊಲೀಸ್ ಸ್ಟೇಷನ್ನಿನಲ್ಲಿ.

ವಾಚು ಕೊಟ್ಟ ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ಕೂರಿಸಿ ನೀರು ಕೊಟ್ಟಳು. 'ಅಕ್ಕ, ಕನೆಕ್ಷನ್ ನಿಮ್ ಯಜಮಾನ್ರು ಕದಿರೇಶ್ ಅವ್ರ ಹೆಸ್ರಲ್ಲಿದೆ. ನಿಮ್ ಫೋನಿಗೆ ಬದ್ಲಾಯಿಸ್ಬೇಕು ಅಂದ್ರೆ ಅವ್ರ ನಂಬರ್‌ಗೆ ಓಟಿಪಿ ಬರುತ್ತೆ, ಅದನ್ನ ಹೇಳ್ಬೇಕು' ಎಂದಳು. ಸ್ಟೇಷನ್ನಿಗೆ ಹೋದೆ. 'ಫೋನ್ ಕವರ್‌ಗೆ ಹಾಕಿ ಸೀಲ್ ಮಾಡಿದೀವಮ್ಮ, ಕೋರ್ಟ್ ಹೇಳ್ದೆ ನಾವ್ ಮುಟ್ಟಂಗಿಲ್ಲ' ಎಂದರು. ವಕೀಲರು, ಅದಕ್ಕೂ ಅರ್ಜಿ ಹಾಕೋಣ, ಟೈಮ್ ಹಿಡಿಯುತ್ತೆ ಎಂದರು. ಯಾರೂ ನನ್ನನ್ನು ಗದರಲಿಲ್ಲ ರೀ. ಗದರಿದ್ದರೆ ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಎಲ್ಲರೂ ಸರಿಯಾಗೇ ಹೇಳಿದರು, ನಾನು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತುಕೊಂಡೆ. ಎರಡು ಬಸ್ಸು ಬಂದವು, ಹತ್ತಲೇ ಇಲ್ಲ.

ಕೊನೆಗೆ ಮುಳಬಾಗಿಲಿನ ಡಾಕ್ಟರೇ ಕೋಲಾರದ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಎದೆಗೆ ಯಂತ್ರ ಕಟ್ಟಿ ಒಂದು ದಿನ ಪೂರ್ತಿ ನೋಡಿದರು. ಬಡಿತ ನಡುನಡುವೆ ನಿಂತು ನಿಂತು ಹೋಗುತ್ತಿದೆ, ಒಳಗೆ ಪೇಸ್‌ಮೇಕರ್ ಕೂರಿಸಬೇಕು, ದೊಡ್ಡ ಆಪರೇಷನ್ ಏನಲ್ಲ, ಆದರೆ ತಡ ಮಾಡಬೇಡಿ ಎಂದಿದ್ದಾರೆ. ಗಾಬರಿಯಾಗಬೇಡಿ, ಅತ್ತೆ ಊಟ ಮಾಡುತ್ತಿದ್ದಾರೆ, ನನ್ನ ಸಾರಿಗೆ ಉಪ್ಪು ಸಾಲದೆಂದು ಬೈಯುತ್ತಲೂ ಇದ್ದಾರೆ.

ಕುರುಡುಮಲೆ ಗಣಪನ ಕುಂಕುಮ ಇದರೊಳಗಿದೆ, ಒಳಗೆ ಬಿಟ್ಟರೆ ಹಚ್ಚಿಕೊಳ್ಳಿ. ಮುಖ್ತಿಯಾರ್ ಭಾಯಿ ಸಲಾಂ ಹೇಳಿದ್ದಾರೆ. ಅತ್ತೆಯ ಆಶೀರ್ವಾದ, ರಜನಿಯ ಮುತ್ತುಗಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಪವಿತ್ರ

ಮತ್ತೆ: ಅತ್ತೆ ಹಿತ್ತಲಿಗೆ ಹೋಗಿದ್ದಾರೆ, ಬೇಗ ಬರೆದುಬಿಡುತ್ತೇನೆ. ಮೊನ್ನೆ ಗುರುವಾರ ಆಪರೇಷನ್ನಿಗೆಂದು ಹೋಗಿ ಹಾಗೇ ವಾಪಸ್ ಬಂದೆವು. ನರ್ಸಮ್ಮ ಬಳೆ ಓಲೆ ಬಿಚ್ಚಿ ಎಂದರೆ ಅತ್ತೆ ಕೊಟ್ಟರು, ವಾಚು ಮಾತ್ರ ಕೊಡಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡರು. 'ಇದು ಕೈಯಲ್ಲಿದ್ರೆ ನನ್ ಗುಂಡ್ಗೆ ಅವ್ನಿಗೆ ಕಾಣುತ್ತೆ ಅಂತ ಹೇಳವ್ನೆ. ದಿನಾ ನೋಡ್ತಿರ್ತಾನೆ ನನ್ ಮಗ. ಬಿಚ್ಚಿದ್ರೆ ಅಮ್ಮ ಸತ್ತೋದ್ಳು ಅನ್ಕೊಂಡು ಅಲ್ಲೇ ಏನಾದ್ರೂ ಮಾಡ್ಕೊಂಬಿಡ್ತಾನೆ' ಎಂದು ಅತ್ತರು. ನಿಮ್ಮ ಫೋನು ನಿಮ್ಮ ಹತ್ತಿರ ಇಲ್ಲವೆಂದು ಅವರಿಗೆ ಗೊತ್ತಿಲ್ಲ. ಹೇಳಲು ಹೋದೆ, ನನ್ನಿಂದ ಆಗಲಿಲ್ಲ. ಇಪ್ಪತ್ತನೇ ತಾರೀಖು ಗುರುವಾರ ಮತ್ತೆ ಬರಹೇಳಿದ್ದಾರೆ. ಹಿಂದಿನ ದಿನ ಬುಧವಾರ ಅತ್ತೆಯನ್ನು ಜೈಲಿನ ಹತ್ತಿರ ಕರೆದುಕೊಂಡು ಬರುತ್ತೇನೆ. ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ, ಕಿಟಕಿಗೆ ಬನ್ನಿ ರೀ. ಬಂದು, 'ಅಮ್ಮಾ, ವಾಚ್ ಬಿಚ್ಚು' ಎಂದು ಒಂದು ಮಾತು ಹೇಳಿ.